ಮೇಷ್ಟ್ರು ವಿದೇಶಕ್ಕೆ ಹೊರಡುವ ಮುನ್ನ

2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ್ದ ರಾಜ್ಯ ಸಚಿವ ಸಂಪುಟ, ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಊರಿನಲ್ಲಿ ಅದರ ಪರ ವಿರೋಧ ಚರ್ಚೆ ಏನೇ ಇರಲಿ, ಹೊರದೇಶಕ್ಕೆ ಪಾಠ ಹೇಳಲು ಹೊರಟ ದೊಡ್ಡಬಳ್ಳಾಪುರದ ಶಿಕ್ಷಕಿಗೆ ಮಾತ್ರ ಇದು ಕಡತದ ಪ್ರಶ್ನೆ. 1986ರ ಆಗಸ್ಟ್ 15ಕ್ಕೆ ಮುಂಚೆ ಹುಟ್ಟಿದವರ ದಾಖಲೆಯಲ್ಲಿ ಜಿಲ್ಲೆ ಬರೀ ಬೆಂಗಳೂರು. ಅಂದು ಜಿಲ್ಲೆ ಒಡೆದ ಮೇಲೆ ಬೆಂಗಳೂರು ಗ್ರಾಮಾಂತರ. ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರವರೆಗೆ ಬ್ಯಾಂಗಲೋರ್, ಆಮೇಲೆ ಬೆಂಗಳೂರು. ಈಗ ಇನ್ನೊಂದು ಹೆಸರಿಗೆ ತೀರ್ಮಾನ. ಒಂದೇ ಹಳ್ಳಿಯ ಒಂದೇ ಮನೆಯಲ್ಲಿ ಬೆಳೆದ ಹೆಣ್ಣುಮಗಳ ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್ ಮೂರರಲ್ಲೂ ಮೂರು ಜಿಲ್ಲೆ ಕಾಣಿಸಬಹುದು. ನಮಗೆ ಇದು ಒಂದೇ ನೆಲವೆಂದು ಗೊತ್ತು. ಮಸ್ಕತ್ತಿನಲ್ಲೋ ಸೋಲ್‌ನಲ್ಲೋ ಕಡತ ನೋಡುವ ಗುಮಾಸ್ತನಿಗೆ ಗೊತ್ತಿಲ್ಲ.

ದೇವನಹಳ್ಳಿಯಲ್ಲಿ 2008ರಿಂದ ವಿಮಾನ ನಿಲ್ದಾಣವಿದೆ. ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಬಿ.ಎ., ಬಿ.ಇಡಿ. ಮುಗಿಸಿ ಖಾಸಗಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತಿರುವ, ಕಡಿಮೆ ಸಂಬಳಕ್ಕೆ ದುಡಿಯುತ್ತಿರುವ ಬಹಳ ಮಂದಿಗೆ ಹೊರದೇಶದ ಕೆಲಸದ ಆಸೆ ಸಹಜ. ಆ ಆಸೆ ಹೆಚ್ಚಾಗಿ ಮುರಿದು ಬೀಳುವುದು ಸಂದರ್ಶನದಲ್ಲಲ್ಲ, ಅದಾದ ಮೇಲೆ. ಶಾಲೆಯವರು ಆಯ್ಕೆ ಮಾಡುತ್ತಾರೆ, ಒಂದು ತಿಂಗಳೊಳಗೆ ದಾಖಲೆ ಕಳಿಸಿ ಅನ್ನುತ್ತಾರೆ. ನೋಡಿದರೆ ಪದವಿ ಪ್ರಮಾಣಪತ್ರ ಇನ್ನೂ ವಿಶ್ವವಿದ್ಯಾಲಯದಲ್ಲೇ ಉಳಿದಿರುತ್ತದೆ, ಪಾಸ್‌ಪೋರ್ಟಿನ ಹೆಸರೂ ಮಾರ್ಕ್ಸ್ ಕಾರ್ಡಿನ ಹೆಸರೂ ತಾಳೆಯಾಗುವುದಿಲ್ಲ. ಆಗ ಗಾಬರಿಯಲ್ಲಿ ಏಜೆಂಟರ ಬಾಗಿಲು ತಟ್ಟುತ್ತಾರೆ. ಈ ಕೆಲಸ ಶುರುವಾಗಬೇಕಾದದ್ದು ನೌಕರಿ ಸಿಕ್ಕ ಮೇಲಲ್ಲ, ಹುಡುಕುವ ಮೊದಲು. ಇದರ ಬಹುಪಾಲನ್ನು ನೀವೇ, ಕಡಿಮೆ ದುಡ್ಡಿನಲ್ಲಿ ಮಾಡಿಕೊಳ್ಳಬಹುದು.

ಮೊದಲು ಪೊಲೀಸ್ ಪರಿಶೀಲನೆಯ ಮಾತು. ಇದು ಬಂದಾಕ್ಷಣ ಮನೆಯವರಿಗೆ ಕಸಿವಿಸಿ. 'ನಮ್ಮ ಹುಡುಗಿ ಏನು ಕಳ್ಳಿಯೇ, ಠಾಣೆಯಿಂದ ಚೀಟಿ ಯಾಕೆ ಬೇಕು' ಎಂದು ಕೇಳುವವರಿದ್ದಾರೆ. ಉತ್ತರ ಸರಳ: ಮಕ್ಕಳ ಮಧ್ಯೆ ಕೆಲಸ ಮಾಡುವವರ ಹಿನ್ನೆಲೆ ನೋಡಲೇಬೇಕು. 2007ರಲ್ಲಿ ದಕ್ಷಿಣ ಕೊರಿಯಾದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕೆನಡಾದ ಕ್ರಿಸ್ಟೋಫರ್ ನೀಲ್ ಎಂಬಾತನನ್ನು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಇಂಟರ್‌ಪೋಲ್ ಬೆನ್ನಟ್ಟಿತು. ಅಕ್ಟೋಬರ್‌ನಲ್ಲಿ ಥಾಯ್ಲೆಂಡಿನಲ್ಲಿ ಸಿಕ್ಕಿಬಿದ್ದ. ಆತ ದೇಶದಿಂದ ದೇಶಕ್ಕೆ ಶಿಕ್ಷಕನಾಗಿ ಸಲೀಸಾಗಿ ಓಡಾಡಿದ್ದು ಕೊರಿಯಾವನ್ನು ಬೆಚ್ಚಿಬೀಳಿಸಿತು. ಅದೇ ವರ್ಷದ ಕೊನೆಗೆ ಅಲ್ಲಿನ ಸರ್ಕಾರ ಭಾಷಾ ಶಿಕ್ಷಕರ ವೀಸಾಕ್ಕೆ ಅಪರಾಧ ದಾಖಲೆಯ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿತು. ಆಗ ಎಚ್‌ಐವಿ ಪರೀಕ್ಷೆಯನ್ನೂ ಸೇರಿಸಿದ್ದರು. ಅದು ತಾರತಮ್ಯವೆಂದು ನ್ಯೂಜಿಲೆಂಡಿನ ಶಿಕ್ಷಕಿಯೊಬ್ಬರು ವಿಶ್ವಸಂಸ್ಥೆಯ ಸಮಿತಿಯ ಮುಂದೆ ಹೋಗಿ 2015ರಲ್ಲಿ ಗೆದ್ದರು. 2017ರಲ್ಲಿ ಕೊರಿಯಾ ಆ ಪರೀಕ್ಷೆಯನ್ನು ಕೈಬಿಟ್ಟಿತು. ಅಪರಾಧ ದಾಖಲೆಯ ನಿಯಮ ಉಳಿಯಿತು, ಉಳಿಯಬೇಕಾದದ್ದೇ. 2014ರಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಪುಟ್ಟ ಬಾಲಕಿಯ ಮೇಲೆ ದೌರ್ಜನ್ಯ ನಡೆದು ಪೋಷಕರು ಬೀದಿಗಿಳಿದಾಗ ನಮ್ಮ ಪೊಲೀಸರೂ ಶಾಲಾ ಸಿಬ್ಬಂದಿಯ ಪೂರ್ವಾಪರ ವಿಚಾರಿಸಬೇಕೆಂದು ಮಾರ್ಗಸೂಚಿ ಹೊರಡಿಸಿದರು. ಹಾಗಾಗಿ ಈ ಚೀಟಿ ಕೇಳಿದರೆ ಅವಮಾನವೆಂದುಕೊಳ್ಳಬೇಡಿ. ಕೇಳದ ಶಾಲೆಯ ಬಗ್ಗೆಯೇ ಅನುಮಾನ ಪಡಿ.

ಈ ಚೀಟಿಯ ಹೆಸರು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಬಾಯಿಮಾತಿನಲ್ಲಿ ಪಿಸಿಸಿ. ಇಲ್ಲಿ ಹಲವರು ಎಡವುತ್ತಾರೆ, ಏಕೆಂದರೆ ಎರಡು ಬಗೆಯ ಪ್ರಮಾಣಪತ್ರಗಳಿವೆ. ರಾಜ್ಯ ಪೊಲೀಸರು ಸೇವಾಸಿಂಧು ಜಾಲತಾಣದ ಮೂಲಕ ಕೊಡುವ ಪರಿಶೀಲನಾ ಪ್ರಮಾಣಪತ್ರ ಇಲ್ಲಿನ ಕಂಪನಿ, ಶಾಲೆಗಳಿಗೆ ಸಾಕು. ಹೊರದೇಶದ ವೀಸಾಕ್ಕೆ ಸಾಮಾನ್ಯವಾಗಿ ಬೇಕಾದದ್ದು ಪಾಸ್‌ಪೋರ್ಟ್ ಕಚೇರಿ ಕೊಡುವ ಪಿಸಿಸಿ. ಠಾಣೆಯಿಂದ ತಂದ ಚೀಟಿ ಹಿಡಿದು ರಾಯಭಾರ ಕಚೇರಿಗೆ ಹೋದವರು ವಾಪಸ್ ಬರುತ್ತಾರೆ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ, 500 ರೂಪಾಯಿ ಶುಲ್ಕ, ಯಾವ ದೇಶಕ್ಕೆಂದು ಬರೆಯಬೇಕು. ಮೊದಲು ಇದಕ್ಕೆ ದೊಡ್ಡ ಸೇವಾ ಕೇಂದ್ರಗಳಿಗೇ ಹೋಗಬೇಕಿತ್ತು. 2022ರ ಸೆಪ್ಟೆಂಬರ್ 28ರಿಂದ ಅಂಚೆ ಕಚೇರಿಗಳಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೂ ಪಿಸಿಸಿ ಅರ್ಜಿ ತೆಗೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗದಿದ್ದರೆ ಅಲ್ಲಿ ನೋಡಿ.

ಅರ್ಜಿ ಆಮೇಲೆ ಠಾಣೆಗೆ ಬರುತ್ತದೆ. ಯಾವ ಠಾಣೆ ಎಂಬುದರಲ್ಲಿ ನಮ್ಮ ಜಿಲ್ಲೆಗೆ ಒಂದು ವಿಶೇಷವಿದೆ. ದೇವನಹಳ್ಳಿ ಪಟ್ಟಣದ ಠಾಣೆ ಬೆಂಗಳೂರು ನಗರ ಪೊಲೀಸ್ ಕಮಿಷನರ್ ವ್ಯಾಪ್ತಿಗೆ ಸೇರಿದೆ. ಅದೇ ತಾಲ್ಲೂಕಿನ ವಿಜಯಪುರ, ಚನ್ನರಾಯಪಟ್ಟಣ ಠಾಣೆಗಳು ಜಿಲ್ಲಾ ಎಸ್ಪಿ ವ್ಯಾಪ್ತಿಯವು. ಕೆಲವೇ ಮೈಲಿ ಅಂತರದಲ್ಲಿ ಇಲಾಖೆಯ ಮೇಲಧಿಕಾರಿಯೇ ಬದಲು. ಅರ್ಜಿಯಲ್ಲಿ ಠಾಣೆ ತಪ್ಪಾಗಿ ಬಿದ್ದರೆ ಕಡತ ಅಲ್ಲಿಂದಿಲ್ಲಿಗೆ ಅಲೆಯುತ್ತದೆ. ಆದ್ದರಿಂದ ನಿಮ್ಮ ಮನೆ ಯಾವ ಠಾಣೆಯ ಸರಹದ್ದು ಎಂದು ಮೊದಲೇ ಕೇಳಿಕೊಳ್ಳಿ. ಇನ್ನೊಂದು ತೊಡಕು, ಪಾಸ್‌ಪೋರ್ಟಿನಲ್ಲಿ ನೆಲಮಂಗಲದ ಹಳ್ಳಿಯ ವಿಳಾಸ, ವಾಸ ಯಲಹಂಕದ ಬಾಡಿಗೆ ಮನೆ. ಬೀಟ್ ಪೊಲೀಸರು ಹಳ್ಳಿಗೆ ಹೋದಾಗ 'ಅವರು ಇಲ್ಲಿಲ್ಲ' ಎಂದು ಪಕ್ಕದ ಮನೆಯವರು ಹೇಳಿದರೆ ವರದಿ ಹಾಗೇ ಹೋಗುತ್ತದೆ. ನಿಜವಾಗಿ ಇರುವ ವಿಳಾಸವನ್ನೇ ಬರೆಯಿರಿ, ಅದಕ್ಕೆ ಪುರಾವೆ ಇಟ್ಟುಕೊಳ್ಳಿ.

ಕೇಸು ಇದ್ದರೇನು ಎಂಬ ಪ್ರಶ್ನೆ ನಮ್ಮ ಕಡೆ ಬಹಳ ಮುಖ್ಯ. ಚನ್ನರಾಯಪಟ್ಟಣ ಹೋಬಳಿಯ ರೈತರು ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಕೂತ ಧರಣಿ ಮೂರು ವರ್ಷ ದಾಟಿ ನಡೆಯಿತು. 2025ರ ಜುಲೈ 15ರಂದು ಸರ್ಕಾರ 1,777 ಎಕರೆಯ ಸ್ವಾಧೀನವನ್ನು ಕೈಬಿಟ್ಟಿತು. ಇಂಥ ಹೋರಾಟಗಳಲ್ಲಿ ಮನೆಯ ಹಿರಿಯರ ಜೊತೆ ಓದಿದ ಮಕ್ಕಳೂ ಕೂರುತ್ತಾರೆ, ಕೂತವರ ಮೇಲೆ ಕೇಸು ಬೀಳುವುದು ನಮ್ಮ ನಾಡಿನಲ್ಲಿ ಹೊಸದಲ್ಲ. ಹಾಗಂತ ಎಫ್‌ಐಆರ್‌ನಲ್ಲಿ ಹೆಸರು ಬಂದ ಮಾತ್ರಕ್ಕೆ ಬಾಗಿಲು ಮುಚ್ಚಿತೆಂದು ತಿಳಿಯಬೇಡಿ. 1967ರ ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಕಲಮು ಹೇಳುವುದು ಕ್ರಿಮಿನಲ್ ನ್ಯಾಯಾಲಯದಲ್ಲಿ ವಿಚಾರಣೆ ಬಾಕಿ ಇರುವವರ ಬಗ್ಗೆ. ಬರೀ ಎಫ್‌ಐಆರ್ ಅಥವಾ ತನಿಖೆಯ ಹಂತದ ಪ್ರಕರಣ ಈ ಕಲಮಿನಡಿ ಬರುವುದಿಲ್ಲವೆಂದು ವಿದೇಶಾಂಗ ಸಚಿವಾಲಯವೇ 2019ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ. ನ್ಯಾಯಾಲಯದಲ್ಲಿ ಬಾಕಿ ಇದ್ದವರಿಗೂ 1993ರ ಅಧಿಸೂಚನೆಯೊಂದರ ಪ್ರಕಾರ ಕೋರ್ಟಿನ ಅನುಮತಿ ತಂದು ಪಾಸ್‌ಪೋರ್ಟ್ ಪಡೆಯುವ ದಾರಿಯಿದೆ. ಆದರೆ ಪಿಸಿಸಿಯ ಒಕ್ಕಣೆ ಬೇರೆ ಮಾತು. ಪ್ರಯಾಣಕ್ಕೆ, ವೀಸಾಕ್ಕೆ ಅಡ್ಡಿಯಾಗುವ ಪ್ರತಿಕೂಲ ಮಾಹಿತಿ ಇಲ್ಲ ಎಂದು ಅದು ಬರೆದುಕೊಡಬೇಕು. ಆದ್ದರಿಂದ ಹೋರಾಟದ ಕೇಸು ಇದ್ದವರು ಮುಚ್ಚಿಡದೆ ವಕೀಲರ ಬಳಿ ಹೋಗಿ ಪ್ರಕರಣದ ಸ್ಥಿತಿ ತಿಳಿದುಕೊಂಡು, ವಾಪಸಾಗಿದ್ದರೆ ಅದರ ಆದೇಶದ ಪ್ರತಿ ಇಟ್ಟುಕೊಂಡೇ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಕೇಸಿಗಿಂತ ಆ ಸುಳ್ಳೇ ಹೆಚ್ಚು ಕಾಡುತ್ತದೆ. ಸರ್ಕಾರ ರೈತರ ನೆಲವನ್ನು ಉಳಿಸಿಕೊಟ್ಟಂತೆ, ಶಾಂತವಾಗಿ ಧರಣಿ ಕೂತವರ ಮೇಲಿನ ಮೊಕದ್ದಮೆಗಳಿದ್ದರೆ ಅವನ್ನೂ ತೆಗೆದು ಅವರ ಮಕ್ಕಳ ದಾರಿ ಸುಗಮ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲೇ ಬೇರೆ ದೇಶದಲ್ಲಿ ಕೆಲಸ ಮಾಡಿ ಬಂದವರಿಗೆ ಒಂದು ಮಾತು. ಒಮಾನಿನಲ್ಲಿ ಎರಡು ವರ್ಷ ಇದ್ದವರನ್ನು ಮುಂದಿನ ದೇಶದವರು ಒಮಾನಿನ ಪೊಲೀಸ್ ಪ್ರಮಾಣಪತ್ರವನ್ನೂ ಕೇಳುವುದುಂಟು. ಬ್ರಿಟನ್ನಿನಲ್ಲಿ ಶಿಕ್ಷಕರ ವೀಸಾಕ್ಕೆ, ಕಳೆದ ಹತ್ತು ವರ್ಷಗಳಲ್ಲಿ ಹನ್ನೆರಡು ತಿಂಗಳು ಅಥವಾ ಹೆಚ್ಚು ಇದ್ದ ಪ್ರತಿ ದೇಶದ ಪ್ರಮಾಣಪತ್ರ ಬೇಕು. ಊರಿಗೆ ಬಂದ ಮೇಲೆ ಅಲ್ಲಿನ ಪೊಲೀಸರಿಂದ ತರಿಸುವುದು ಕಷ್ಟ. ವಿಮಾನ ಹತ್ತುವ ಮೊದಲೇ ಪಡೆದುಕೊಂಡು ಬನ್ನಿ.

ಇನ್ನು ಪದವಿ ಪ್ರಮಾಣಪತ್ರ. ಅತಿ ಹೆಚ್ಚು ಸಮಯ ಹಾಳಾಗುವುದು ಇಲ್ಲೇ. ಕಾಲೇಜು ಮುಗಿದಾಗ ಕೈಗೆ ಸಿಗುವುದು ಅಂಕಪಟ್ಟಿಗಳು ಮತ್ತು ತಾತ್ಕಾಲಿಕ ಪ್ರಮಾಣಪತ್ರ, ಅಂದರೆ ಪಿಡಿಸಿ. ನಿಜವಾದ ಪದವಿ ಪ್ರಮಾಣಪತ್ರ ಘಟಿಕೋತ್ಸವದ್ದು. ಅದಕ್ಕೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ಇಲ್ಲಿನ ಖಾಸಗಿ ಶಾಲೆಗಳು ಪಿಡಿಸಿ ನೋಡಿಯೇ ಕೆಲಸ ಕೊಡುವುದರಿಂದ ಎಷ್ಟೋ ಜನ ಘಟಿಕೋತ್ಸವ ಪ್ರಮಾಣಪತ್ರ ತರಿಸಿಕೊಂಡೇ ಇರುವುದಿಲ್ಲ. ವಿದೇಶಕ್ಕೆ ಪಿಡಿಸಿ ನಡೆಯುವುದಿಲ್ಲ. ಮೇಲಾಗಿ ನಮ್ಮ ಜಿಲ್ಲೆಯಲ್ಲಿ ವಿಶ್ವವಿದ್ಯಾಲಯವೂ ಒಂದೇ ಅಲ್ಲ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಒಡೆದು ಕೋಲಾರ ಕೇಂದ್ರವಾಗಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಆದ ಮೇಲೆ, ಹೊಸಕೋಟೆ, ದೇವನಹಳ್ಳಿ ಕಡೆಯ ಕಾಲೇಜುಗಳಲ್ಲಿ ಅಣ್ಣನ ಪದವಿ ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯದ್ದು, ತಂಗಿಯ ಪದವಿ ಕೋಲಾರದ್ದು. ಯಾವ ವರ್ಷ ಸೇರಿದಿರೋ ಅದರ ಮೇಲೆ ಹೋಗಬೇಕಾದ ಕಚೇರಿ ನಿರ್ಧಾರವಾಗುತ್ತದೆ. ಕೆಲವು ಗಲ್ಫ್ ದೇಶಗಳು ಪದವಿ ನಿಜವೆಂದು ವಿಶ್ವವಿದ್ಯಾಲಯದಿಂದಲೇ ಪತ್ರವನ್ನೂ ಕೇಳುತ್ತವೆ.

ಮೂಲ ಪ್ರಮಾಣಪತ್ರ ಕೈಗೆ ಬಂದ ಮೇಲೆ ಅದರ ಮೇಲೆ ಎರಡು ಹಂತದ ದೃಢೀಕರಣ. ಮೊದಲು ರಾಜ್ಯದ ಶಿಕ್ಷಣ ಇಲಾಖೆಯ ಗೊತ್ತುಪಡಿಸಿದ ಅಧಿಕಾರಿ, ಆಮೇಲೆ ವಿದೇಶಾಂಗ ಸಚಿವಾಲಯ. ಜನನ, ಮದುವೆ ಪ್ರಮಾಣಪತ್ರಗಳಾದರೆ ಶಿಕ್ಷಣ ಇಲಾಖೆಯ ಬದಲು ಗೃಹ ಇಲಾಖೆ. ರಾಜ್ಯವೆಂದರೆ ನೀವು ವಾಸವಿರುವ ರಾಜ್ಯವಲ್ಲ, ಪದವಿ ಕೊಟ್ಟ ರಾಜ್ಯ. ಕಾಸರಗೋಡಿನ ಕನ್ನಡಿಗ ಕಣ್ಣೂರು ವಿಶ್ವವಿದ್ಯಾಲಯದಲ್ಲಿ ಓದಿದ್ದರೆ ಕೇರಳದಲ್ಲೇ, ಅಲ್ಲಿನ ಸರ್ಕಾರದ ನೋರ್ಕಾ ರೂಟ್ಸ್ ಸಂಸ್ಥೆಯ ಕೋಯಿಕ್ಕೋಡ್ ಕೇಂದ್ರದಲ್ಲೋ ಮತ್ತೊಂದರಲ್ಲೋ ಮಾಡಿಸಬೇಕು. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಓದಿದ್ದರೆ ಬೆಂಗಳೂರಿಗೆ ಬರಬೇಕು. ವಿದೇಶಾಂಗ ಸಚಿವಾಲಯದ ಹಂತಕ್ಕೆ ಈಗ ದೆಹಲಿಗೆ ಹೋಗಬೇಕಿಲ್ಲ. 2019ರ ಜನವರಿಯಿಂದ ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಈ ಕೆಲಸ ನಡೆಯುತ್ತಿದೆ. ಕಚೇರಿಯವರು ನೇರವಾಗಿ ಕೈಯಿಂದ ಕಾಗದ ತೆಗೆದುಕೊಳ್ಳುವುದಿಲ್ಲ, ಸಚಿವಾಲಯ ನೇಮಿಸಿದ ಸೇವಾ ಸಂಸ್ಥೆಗಳ ಮೂಲಕವೇ ಕೊಡಬೇಕು. ಅವುಗಳ ಪಟ್ಟಿ ಸಚಿವಾಲಯದ ಜಾಲತಾಣದಲ್ಲಿದೆ. ಜೆರಾಕ್ಸ್ ಅಂಗಡಿಯ ಗೋಡೆಗೆ ಅಂಟಿಸಿದ ಫೋನ್ ನಂಬರ್ ಆ ಪಟ್ಟಿಯಲ್ಲ.

ಸಚಿವಾಲಯದ ಮುದ್ರೆಯಲ್ಲೂ ಎರಡು ಬಗೆ. 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಅಪಾಸ್ಟಿಲ್ ಸಾಕು. ಭಾರತಕ್ಕೆ ಇದು 2005ರ ಜುಲೈ 14ರಿಂದ ಜಾರಿಯಲ್ಲಿದೆ. ಪ್ರಮಾಣಪತ್ರವನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಚೌಕಾಕಾರದ ಒಂದು ಸ್ಟಿಕರ್. ಮೇಲೆ ಅಪಾಸ್ಟಿಲ್ ಎಂಬ ಶೀರ್ಷಿಕೆ, ಕೆಳಗೆ ಒಪ್ಪಂದದ ಹೆಸರು ಫ್ರೆಂಚ್ ಭಾಷೆಯಲ್ಲಿ, ಅದರ ಕೆಳಗೆ ಕ್ರಮಸಂಖ್ಯೆ ಹಾಕಿದ ಹತ್ತು ಸಾಲು: ಯಾವ ದೇಶ, ಯಾರು ಸಹಿ ಹಾಕಿದ್ದು, ಯಾವ ಹುದ್ದೆಯಲ್ಲಿ, ಯಾರ ಮುದ್ರೆ, ಎಲ್ಲಿ, ಎಂದು, ಯಾರಿಂದ, ಎಷ್ಟನೇ ಸಂಖ್ಯೆ, ಕೊನೆಗೆ ಮುದ್ರೆ ಮತ್ತು ಸಹಿ. ಇಷ್ಟಕ್ಕೆ ಸರ್ಕಾರದ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ, ಮೇಲೆ ಸೇವಾ ಸಂಸ್ಥೆಯ ಸಣ್ಣ ಶುಲ್ಕ. ಇದೇ ಕೆಲಸಕ್ಕೆ ಮಧ್ಯವರ್ತಿಗಳು ಸಾವಿರಗಟ್ಟಲೆ ಕೇಳುತ್ತಾರೆ. ಒಮಾನ್, ಬಹರೇನ್, ದಕ್ಷಿಣ ಕೊರಿಯಾ ಈಗಾಗಲೇ ಈ ಒಪ್ಪಂದದಲ್ಲಿವೆ, ಸೌದಿ ಅರೇಬಿಯಾಕ್ಕೆ 2022ರ ಡಿಸೆಂಬರ್‌ನಿಂದ ಅನ್ವಯ. ಯುಎಇಯಂಥ ಒಪ್ಪಂದದ ಹೊರಗಿನ ದೇಶಕ್ಕೆ ಹೊರಟರೆ ಸಚಿವಾಲಯದ ಮಾಮೂಲಿ ಅಟೆಸ್ಟೇಷನ್, ಅದರ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆಯದ್ದು. ದೇಶ ಯಾವುದೆಂದು ತೀರ್ಮಾನಿಸದೆ ಮುದ್ರೆ ಹಾಕಿಸಿದರೆ ಮತ್ತೆ ಮಾಡಿಸಬೇಕಾಗುತ್ತದೆ.

ಹೆಸರಿನ ಗೊಂದಲ ನಮ್ಮವರ ಹಳೆಯ ಕಾಯಿಲೆ. ನಮ್ಮಲ್ಲಿ ಮನೆತನದ ಹೆಸರು ಎಂಬ ರೂಢಿ ಕಡಿಮೆ, ಇನಿಷಿಯಲ್ ಇಟ್ಟುಕೊಳ್ಳುತ್ತೇವೆ. ಊರಿನದ್ದೊಂದು ಅಕ್ಷರ, ಅಪ್ಪನದ್ದೊಂದು ಅಕ್ಷರ. ಮಾರ್ಕ್ಸ್ ಕಾರ್ಡಿನಲ್ಲಿ ಎನ್. ಲಕ್ಷ್ಮಿ, ಬಿ.ಎ.ಯಲ್ಲಿ ಲಕ್ಷ್ಮೀದೇವಿ ಎನ್., ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಲಕ್ಷ್ಮಿ ನಾರಾಯಣಪ್ಪ, ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು. ಇವೆಲ್ಲ ಒಬ್ಬಳೇ ಎಂದು ನೋಟರಿ ಬಳಿ ಅಫಿಡವಿಟ್ ಮಾಡಿಸಿದರೆ ಕೆಲವು ದೇಶ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಮನೆತನದ ಅಂಕಣ ಖಾಲಿ ಇರುವವರಿಗೆ 2022ರ ನವೆಂಬರ್‌ನಿಂದ ಯುಎಇ ಪ್ರವಾಸಿ ವೀಸಾದಲ್ಲಿ ಪ್ರವೇಶವನ್ನೇ ಕೊಡುತ್ತಿಲ್ಲ. ಕೆಲಸದ ವೀಸಾದವರಿಗೆ ಆ ನಿಯಮ ಇಲ್ಲ, ನಿಜ. ಆದರೂ ತಿದ್ದುಪಡಿ ಇರಬೇಕಾದಲ್ಲಿ ಈಗಲೇ ಮಾಡಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯಶಿಕ್ಷಕರ ಮೂಲಕ ಮಂಡಳಿಗೆ ಅರ್ಜಿ ಹೋಗಬೇಕು. ಉಳಿದೆಲ್ಲ ದಾಖಲೆಗಳನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಸರಿಹೊಂದಿಸುವುದೇ ಸುಲಭದ ದಾರಿ, ಏಕೆಂದರೆ ನಮ್ಮಲ್ಲಿ ಹುಟ್ಟಿದ ದಿನಕ್ಕೂ ಹೆಸರಿಗೂ ಎಲ್ಲರೂ ನೋಡುವುದು ಅದನ್ನೇ. ಜಿಲ್ಲೆಯ ಹೆಸರು ಬೇರೆಬೇರೆ ಇದ್ದರೆ ಹೆದರಬೇಕಿಲ್ಲ. ಸರ್ಕಾರ ಹೆಸರು ಬದಲಿಸಿದ ಅಧಿಸೂಚನೆಯ ಪ್ರತಿಯನ್ನು ಕಡತದ ಜೊತೆ ಇಟ್ಟರೆ ಸಾಕಾಗುತ್ತದೆ.

ಇಷ್ಟೆಲ್ಲ ಮಾಡಿ ಹೋಗುವುದು ಎಲ್ಲಿಗೆ? ಇಂಗ್ಲಿಷ್ ಕಲಿಸುವ ಕೆಲಸದಲ್ಲಿ ಅರ್ಹತೆಗಿಂತ ಮೊದಲು ರಾಷ್ಟ್ರೀಯತೆ ನೋಡುವ ದೇಶಗಳಿವೆ, ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಚೀನಾ ಇಂಗ್ಲಿಷ್ ಮಾತೃಭಾಷೆಯ ದೇಶದವರನ್ನೇ ಬಯಸುತ್ತದೆ. ಕೊರಿಯಾದ ಇ-2 ವೀಸಾ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳಿಗೆ ಮೀಸಲು. ಆದರೆ ನಮಗೊಂದು ಕಿರುಬಾಗಿಲು ಉಂಟು. 2010ರ ಜನವರಿ 1ರಿಂದ ಜಾರಿಯಲ್ಲಿರುವ ಭಾರತ-ಕೊರಿಯಾ ಆರ್ಥಿಕ ಪಾಲುದಾರಿಕೆ ಒಪ್ಪಂದದಡಿ, ಪದವಿ ಮತ್ತು ಶಿಕ್ಷಕ ಅರ್ಹತೆ ಇರುವ ಭಾರತೀಯರು ಅಲ್ಲಿನ ಪ್ರಾಥಮಿಕ, ಪ್ರೌಢಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಬಹುದು. ಈ ವಿಷಯ ನಮ್ಮ ಬಿ.ಇಡಿ. ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಇರಬೇಕಿತ್ತು. ಜಪಾನಿನ ಅನೇಕ ಸಂಸ್ಥೆಗಳು ಹನ್ನೆರಡು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಕ್ಕೆ ಪುರಾವೆ ಕೇಳುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಕಷ್ಟಪಟ್ಟು ಇಂಗ್ಲಿಷ್ ಕರಗತ ಮಾಡಿಕೊಂಡವರಿಗೆ ಇದು ದೊಡ್ಡ ಅನ್ಯಾಯ. ಕಲಿಯುವ ಕಷ್ಟ ಅರಿತವರೇ ಚೆನ್ನಾಗಿ ಕಲಿಸಬಲ್ಲರು. ಥಾಯ್ಲೆಂಡಿನಲ್ಲಿ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 600 ಅಂಕ, ನಾನ್-ಇಮಿಗ್ರೆಂಟ್ ಬಿ ವೀಸಾ, ಅಲ್ಲಿನ ಶಿಕ್ಷಕರ ಮಂಡಳಿಯ ಪರವಾನಗಿ ಕೇಳುತ್ತಾರೆ. ಇಂಗ್ಲೆಂಡ್ 2023ರ ಫೆಬ್ರವರಿಯಲ್ಲಿ ಭಾರತೀಯ ಶಿಕ್ಷಕರಿಗೆ ತೆರೆದ ಬಾಗಿಲು ಗಣಿತ, ವಿಜ್ಞಾನ, ವಿದೇಶಿ ಭಾಷೆಯವರಿಗೇ ಹೊರತು ಇಂಗ್ಲಿಷ್ ಶಿಕ್ಷಕರಿಗಲ್ಲ. ಹಾಗಾಗಿ ನಮ್ಮ ಕಡೆಯವರಿಗೆ ನಿಜವಾಗಿ ಎಟುಕುವುದು ಗಲ್ಫ್ ದೇಶಗಳ ಶಾಲೆಗಳು, ಅದರಲ್ಲೂ ಭಾರತೀಯ ಪಠ್ಯಕ್ರಮದವು, ಮತ್ತು ಮಾಲ್ಡೀವ್ಸ್. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಭಾರತೀಯ ಶಿಕ್ಷಕರು ಬಹಳ ಕಾಲದಿಂದ ಇದ್ದಾರೆ.

ಇಂಗ್ಲಿಷ್ ಬೋಧನೆಯ ಟೆಫಲ್ ಎಂಬ ಆನ್‌ಲೈನ್ ಕೋರ್ಸುಗಳ ಜಾಹೀರಾತು ನೋಡಿ ಮೊದಲು ಅದಕ್ಕೆ ದುಡ್ಡು ಸುರಿಯುವವರಿದ್ದಾರೆ. 120 ಗಂಟೆಯ ಆ ಪ್ರಮಾಣಪತ್ರ ಕೆಲವೆಡೆ ಉಪಯೋಗಕ್ಕೆ ಬರುತ್ತದೆ. ಆದರೆ ನೀವು ಯಾವ ದೇಶಕ್ಕೆ ಅರ್ಹರೆಂದು ಜಾಹೀರಾತು ಹೇಳುವುದಿಲ್ಲ. ಕಲಿಸುವ ಕೌಶಲ ಬೇಕೆಂದರೆ 1963ರಿಂದ ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುತ್ತಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಜ್ಞಾನಭಾರತಿಯಲ್ಲಿದೆ. ನೆಲಮಂಗಲದಿಂದ ಅದು ದೂರವೂ ಅಲ್ಲ.

ಏಜೆಂಟರ ವಿಷಯದಲ್ಲಿ ಎರಡು ಸಂಗತಿ ಗಟ್ಟಿಯಾಗಿ ಹಿಡಿದುಕೊಳ್ಳಿ. 1983ರ ವಲಸೆ ಕಾಯ್ದೆಯಡಿ ನೋಂದಣಿಯಾದ ನೇಮಕಾತಿ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕಿಂತ ಹೆಚ್ಚಲ್ಲ. ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಎರಡನೆಯದು, 'ಈಗ ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿಕೊಡುತ್ತೇವೆ' ಎಂದವರ ಬಳಿಯಿಂದ ಎದ್ದು ಬನ್ನಿ. 2022ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಎಚ್ಚರಿಕೆ ಕೊಟ್ಟದ್ದು ಇಂಥದ್ದಕ್ಕೇ: ಥಾಯ್ಲೆಂಡಿನಲ್ಲಿ ಕೆಲಸವೆಂದು ಹೋದ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕಿದ್ದರು. ಸಂಶಯ ಬಂದರೆ ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ, 1800 11 3090 ಸಂಖ್ಯೆಗೆ, ಪುಕ್ಕಟೆ ಕರೆ ಮಾಡಿ ಕೇಳಿ. ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ.

ಜಿಲ್ಲಾಡಳಿತಕ್ಕೆ ಒಂದು ಬೇಡಿಕೆ. ಕೇರಳದಲ್ಲಿ ನೋರ್ಕಾ ಕೇಂದ್ರಗಳಲ್ಲಿ ಒಂದೇ ಸೂರಿನಡಿ ಆಗುವ ದೃಢೀಕರಣಕ್ಕೆ ಇಲ್ಲಿನವರು ಬೆಂಗಳೂರಿನ ಇಲಾಖೆಯಿಂದ ಇಲಾಖೆಗೆ, ವಿಶ್ವವಿದ್ಯಾಲಯಕ್ಕಾಗಿ ಕೋಲಾರಕ್ಕೆ ಅಲೆಯುತ್ತಾರೆ. ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ತಿಂಗಳಿಗೊಮ್ಮೆ ಶಿಕ್ಷಣ ಇಲಾಖೆ, ವಿಶ್ವವಿದ್ಯಾಲಯ, ಪೊಲೀಸ್ ಇಲಾಖೆಯವರು ಒಟ್ಟಿಗೆ ಕೂತು ಅರ್ಜಿ ತೆಗೆದುಕೊಂಡರೆ ಏಜೆಂಟರಿಗೆ ಹೋಗುವ ಹಣ ಈ ಮನೆಗಳಲ್ಲೇ ಉಳಿಯುತ್ತದೆ. ಜಿಲ್ಲೆಯ ಹೆಸರು ಬದಲಾದದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಪುಟದ ಅಧಿಕೃತ ಪತ್ರವನ್ನೂ ಅಲ್ಲಿಯೇ ಕೊಡಲಿ. ಅಷ್ಟರಲ್ಲಿ ನೀವು, ಘಟಿಕೋತ್ಸವ ಪ್ರಮಾಣಪತ್ರ ಇನ್ನೂ ತರಿಸಿಕೊಂಡಿಲ್ಲದಿದ್ದರೆ, ಈ ವಾರವೇ ಅರ್ಜಿ ಹಾಕಿ.